ಹಾಲೂಡುವ ತಾಯಿಗೆ ಆಸರೆ

ಮೂವತ್ತು ವರ್ಷಕ್ಕೂ ಮೀರಿ ಕನ್ನಡ ಕಾವ್ಯವನ್ನು ಪಾಠ ಹೇಳಿ ನಿವೃತ್ತಳಾದ ಅಧ್ಯಾಪಿಕೆಯೊಬ್ಬಳು ಎದೆಹಾಲಿನ ವಿಷಯವಾಗಿ ಮಾತನಾಡಹೊರಟರೆ, ಇದು ವೈದ್ಯರು ಹೇಳಬೇಕಾದ ಮಾತಲ್ಲವೆ ಎಂದು ಕೇಳುಗರಿಗೆ ಅನ್ನಿಸಬಹುದು. ಅನ್ನಿಸಲಿ. ತಾಯಿಯ ಹಾಲಿನಲ್ಲಿ ಏನೇನು ಸತ್ವವಿದೆ ಎಂಬುದನ್ನು ವೈದ್ಯರು ಹೇಳಿದ್ದಾರೆ, ಹೇಳುತ್ತಲೂ ಇದ್ದಾರೆ. ಆ ಹಾಲು ಮಗುವಿನ ಬಾಯಿಯನ್ನು ಮುಟ್ಟಬೇಕಾದರೆ ತಾಯಿಯ ಸುತ್ತಮುತ್ತ ಇರುವವರು ಏನು ಮಾಡಬೇಕು, ಏನು ಮಾಡದೆ ಸುಮ್ಮನಿರಬೇಕು ಎಂಬುದು ಮಾತ್ರ ನಮ್ಮ ಮನೆಗಳಲ್ಲಿ ಸಾಕಷ್ಟು ಚರ್ಚೆಗೆ ಬಂದಿಲ್ಲ. ನಾನು ಹೇಳಬೇಕೆಂದಿರುವುದು ಅದನ್ನು. ಎರಡು ಮಕ್ಕಳಿಗೆ ಹಾಲೂಡಿದವಳು, ಮಗಳ ಬಾಣಂತನವನ್ನು ಮಾಡಿದವಳು ಎಂಬ ಅಧಿಕಾರ ನನಗುಂಟು. ಉಳಿದದ್ದನ್ನು ಓದಿಯೂ ದಾದಿಯರನ್ನೂ ಆಶಾ ಕಾರ್ಯಕರ್ತೆಯರನ್ನೂ ಕೇಳಿಯೂ ತಿಳಿದುಕೊಂಡಿದ್ದೇನೆ.

ಹೆತ್ತವಳಿಗೆ ಹಾಲು ತಾನಾಗಿ ಬರುತ್ತದೆ, ಹುಟ್ಟಿದ ಮಗು ತಾನಾಗಿ ಕುಡಿಯುತ್ತದೆ ಎಂಬ ನಂಬಿಕೆ ಎಲ್ಲರಲ್ಲಿಯೂ ಇದೆ. ಇದು ಅರ್ಧ ನಿಜ. ಹಾಲು ಬರುವುದು ಪ್ರಕೃತಿಯ ಕೆಲಸ. ಕುಡಿಸುವುದು ಕಲಿಯಬೇಕಾದ ಕೆಲಸ. ಹಿಂದೆ ಅದನ್ನು ಯಾರೂ ಪಾಠವೆಂದು ಹೇಳಿಕೊಡುತ್ತಿರಲಿಲ್ಲ, ನಿಜ. ಏಕೆಂದರೆ ಹುಡುಗಿಯೊಬ್ಬಳು ದೊಡ್ಡವಳಾಗುವ ಹೊತ್ತಿಗೆ ಅಕ್ಕ, ಅತ್ತಿಗೆ, ಚಿಕ್ಕಮ್ಮಂದಿರು ಹಜಾರದ ಮೂಲೆಯಲ್ಲಿ ಕುಳಿತು ಹಾಲು ಕುಡಿಸುವುದನ್ನು ನೂರು ಸಲ ನೋಡಿರುತ್ತಿದ್ದಳು. ಮಗುವಿನ ತಲೆಗೆ ತೋಳು ಹೇಗೆ ಆಸರೆಯಾಗಬೇಕು, ಸೆರಗನ್ನು ಎಷ್ಟು ಸರಿಸಬೇಕು ಎಂಬುದು ಅವಳ ಕಣ್ಣಿಗೇ ತಿಳಿದಿರುತ್ತಿತ್ತು. ಇಂದು ಅನೇಕ ಹೆಣ್ಣುಮಕ್ಕಳು ಕೈಯಲ್ಲಿ ಎತ್ತಿಕೊಳ್ಳುವ ಮೊದಲ ಎಳೆಗೂಸು ಅವರದೇ ಮಗು. ಇದರಲ್ಲಿ ಅವರ ತಪ್ಪೇನೂ ಇಲ್ಲ. ಮನೆಗಳು ಚಿಕ್ಕವಾದವು, ಓದು ಉದ್ಯೋಗಗಳು ಬಂದವು. ನೋಡಿ ಕಲಿಯುವ ಅವಕಾಶ ತಪ್ಪಿತು. ಹೋದದ್ದರ ಜಾಗದಲ್ಲಿ ನಾವು ಏನನ್ನು ತಂದಿಟ್ಟೆವು ಎಂಬುದೇ ಪ್ರಶ್ನೆ.

ಮೊದಲ ಹಾಲಿನಿಂದ ಆರಂಭಿಸೋಣ. ನಮ್ಮ ಕಡೆ ಹಸು ಈದರೆ ಗಿಣ್ಣುಹಾಲನ್ನು ನೆರೆಮನೆಗಳಿಗೂ ಹಂಚುವ ವಾಡಿಕೆ. ಬೆಲ್ಲ, ಏಲಕ್ಕಿ ಹಾಕಿ ಮಾಡಿದ ಗಿಣ್ಣನ್ನು ಬೇಡವೆನ್ನುವವರು ವಿರಳ. ಕರುವಿಗೆ ಅದು ಬೇಕೇಬೇಕೆಂಬುದೂ ರೈತನಿಗೆ ಗೊತ್ತು. ಕರು ನಡುಗುವ ಕಾಲಿನ ಮೇಲೆ ಎದ್ದು ನಿಲ್ಲುತ್ತಲೇ ಅದರ ಮೂತಿಯನ್ನು ಕೆಚ್ಚಲಿಗೆ ಹಚ್ಚುತ್ತಾನೆ. ಅದೇ ಮನೆಯಲ್ಲಿ ಹೆಣ್ಣುಮಗಳು ಹೆತ್ತಾಗ ಅವಳ ಗಿಣ್ಣನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲಿ, ಕೂಸಿನ ನಾಲಗೆಗೆ ಜೇನುತುಪ್ಪವನ್ನೋ ಸಕ್ಕರೆ ನೀರನ್ನೋ ಹರಳೆಣ್ಣೆಯನ್ನೋ ಹಚ್ಚಿದ ಕಾಲವಿತ್ತು. ಕೆಲವು ಮನೆಗಳಲ್ಲಿ ಈಗಲೂ ಉಂಟು. ಹಸುವಿಗೆ ತೋರಿದ ವಿವೇಕವನ್ನು ಮಗಳಿಗೆ ತೋರದೆ ಹೋದದ್ದು ಹೇಗೆಂದು ನನಗೆ ಬಹುಕಾಲ ಸೋಜಿಗವಾಗಿತ್ತು.

ಸುಶ್ರುತಸಂಹಿತೆಯ ಶಾರೀರಸ್ಥಾನವನ್ನು ನೋಡಿದಾಗ ಸ್ವಲ್ಪ ಅರ್ಥವಾಯಿತು. ಹೆತ್ತವಳಿಗೆ ಮೂರು ನಾಲ್ಕು ರಾತ್ರಿಗಳ ಮೇಲೆ ಹಾಲು ಹರಿಯತೊಡಗುತ್ತದೆ, ಅಲ್ಲಿಯವರೆಗೆ ಶಿಶುವಿಗೆ ಜೇನು ತುಪ್ಪಗಳನ್ನು ಕೊಡಬೇಕು ಎಂಬ ಅಭಿಪ್ರಾಯ ಅಲ್ಲಿದೆ. ಅವರು ಕಂಡದ್ದು ಸರಿಯಾಗಿಯೇ ಇದೆ. ತೋರವಾಗಿ ಹಾಲು ಇಳಿಯುವುದು ಸಾಮಾನ್ಯವಾಗಿ ಎರಡರಿಂದ ನಾಲ್ಕನೆಯ ದಿನದಲ್ಲಿಯೇ. ಆದರೆ ಅದಕ್ಕೆ ಮೊದಲು ಜಿನುಗುವ ಹಳದಿ ಬಣ್ಣದ ಗಟ್ಟಿ ದ್ರವವೂ ಹಾಲೇ ಎಂಬುದನ್ನು ಇಂದಿನ ವಿಜ್ಞಾನ ತೋರಿಸಿಕೊಟ್ಟಿದೆ. ಮೊದಲ ದಿನ ಒಂದು ಸಲಕ್ಕೆ ದೊರೆಯುವುದು ಸುಮಾರು ಒಂದು ಚಿಕ್ಕ ಚಮಚೆಯಷ್ಟು. ಹುಟ್ಟಿದ ದಿನ ಶಿಶುವಿನ ಹೊಟ್ಟೆಗೆ ಬೇಕಾದದ್ದೂ ಹೆಚ್ಚುಕಡಮೆ ಅಷ್ಟೇ. ರೋಗಗಳನ್ನು ತಡೆಯುವ ವಸ್ತುಗಳು ಅದರಲ್ಲಿ ಅತಿ ಸಾಂದ್ರವಾಗಿ ಇರುತ್ತವೆ. ಅದನ್ನು ಚೆಲ್ಲುವುದೆಂದರೆ ಮಗುವಿನ ಮೊದಲ ರಕ್ಷೆಯನ್ನು ಚೆಲ್ಲಿದಂತೆ. ಜೇನಂತೂ ಒಂದು ವರ್ಷ ತುಂಬುವವರೆಗೆ ಯಾವ ಮಗುವಿಗೂ ಸಲ್ಲದು. ಎಳೆಗರುಳಿನಲ್ಲಿ ವಿಷವನ್ನು ಹುಟ್ಟಿಸಬಲ್ಲ ಒಂದು ಬಗೆಯ ಸೂಕ್ಷ್ಮಾಣು ಅದರಲ್ಲಿ ಇರಬಹುದು.

ಹೆರಿಗೆಯಾದ ಒಂದು ಗಂಟೆಯೊಳಗೆ ಮೊದಲ ಹಾಲು, ಆರು ತಿಂಗಳು ತುಂಬುವವರೆಗೆ ನೀರನ್ನೂ ಸೇರಿಸದೆ ತಾಯಿಯ ಹಾಲು ಮಾತ್ರ, ಆಮೇಲೆ ಬೇರೆ ಆಹಾರದ ಜೊತೆಗೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಎದೆಹಾಲು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಇದು ಯಾರಿಗೂ ಹೊಸತಲ್ಲ. ಆಸ್ಪತ್ರೆಗಳ ಗೋಡೆಗಳಲ್ಲಿ ಬರೆದಿದೆ. ಆದರೂ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಎರಡು ಅಂಕಿಗಳನ್ನು ಕೇಳಿ. 2015-16ರಲ್ಲಿ ದೇಶದ ನೂರಕ್ಕೆ 78.9 ಹೆರಿಗೆಗಳು ಆಸ್ಪತ್ರೆಗಳಲ್ಲಿ ಆದವು. 2019-21ರ ಸಮೀಕ್ಷೆಯ ಹೊತ್ತಿಗೆ ಅದು 88.6ಕ್ಕೆ ಏರಿತು. ಹುಟ್ಟಿ ಒಂದು ಗಂಟೆಯೊಳಗೆ ತಾಯಿಹಾಲು ಕುಡಿದ ಮಕ್ಕಳು ಮೊದಲ ಸಮೀಕ್ಷೆಯಲ್ಲಿ ನೂರಕ್ಕೆ 41.6, ಎರಡನೆಯದರಲ್ಲಿ 41.8. ಅಂದರೆ ಹೆರುವ ಹೆಣ್ಣು ಆಸ್ಪತ್ರೆಗೆ ಬಂದಳು, ದಾದಿಯರೂ ವೈದ್ಯರೂ ಪಕ್ಕದಲ್ಲಿಯೇ ಇದ್ದರು, ಮೊದಲ ಹಾಲು ಮಾತ್ರ ಇದ್ದಲ್ಲಿಯೇ ಇತ್ತು. ಆರು ತಿಂಗಳೊಳಗಿನ ಶಿಶುಗಳಲ್ಲಿ ತಾಯಿಹಾಲನ್ನೇ ಕುಡಿಯುವವರ ಪ್ರಮಾಣ 54.9ರಿಂದ 63.7ಕ್ಕೆ ಏರಿದ್ದು ಸಮಾಧಾನದ ಸಂಗತಿ. ಅದರ ಪುಣ್ಯವು ಬಹುಮಟ್ಟಿಗೆ ತಾಯಂದಿರಿಗೇ ಸೇರಬೇಕೆಂದು ನನ್ನ ಭಾವನೆ.

ಆಸ್ಪತ್ರೆಯಲ್ಲಿ ಇದು ಹೇಗೆ ನಡೆಯುತ್ತದೆಂಬುದನ್ನು ನನ್ನ ಮಗಳ ಹೆರಿಗೆಯ ಕಾಲದಲ್ಲಿ ಹತ್ತಿರದಿಂದ ಕಂಡೆ. ಆಸ್ಪತ್ರೆಯ ಹೆಸರು ಬೇಡ. ಶಸ್ತ್ರಚಿಕಿತ್ಸೆಯಿಂದ ಹೆರಿಗೆಯಾಯಿತು. ತಾಯಿಯೂ ಮಗುವೂ ಕ್ಷೇಮವಾಗಿದ್ದರು. ಆದರೂ ಮಗುವನ್ನು ಬೇರೆ ಕೋಣೆಗೆ ಒಯ್ದರು. ಡಬ್ಬಿಯ ಹಾಲನ್ನು ಬಾಟಲಿಯಲ್ಲಿ ಕುಡಿಸಿ ಮಲಗಿಸಿದರು. ಕೇಳಿದರೆ, “ತಾಯಿಗೆ ಸುಸ್ತಾಗಿದೆ ಅಮ್ಮ, ಹಾಲೂ ಇನ್ನೂ ಬಂದಿಲ್ಲ” ಎಂಬ ಉತ್ತರ. ಆ ಹುಡುಗಿಯ ಮಾತಿನಲ್ಲಿ ಒರಟುತನವಿರಲಿಲ್ಲ, ಕರುಣೆಯೇ ಇತ್ತು. ತೊಂದರೆಯೂ ಅಲ್ಲಿಯೇ ಇತ್ತು. ಹೊಟ್ಟೆ ತುಂಬಿದ ಕೂಸು ಆರು ಗಂಟೆಯ ಮೇಲೆ ತಾಯಿಯ ಮಗ್ಗುಲಿಗೆ ಬಂದಾಗ ಬಾಯಿಯನ್ನೇ ತೆರೆಯಲಿಲ್ಲ. ಮಗಳು ಗೋಡೆಯ ಕಡೆ ತಿರುಗಿ ಅತ್ತಳು.

ರಾತ್ರಿಯ ಪಾಳಿಗೆ ಹಿರಿಯ ದಾದಿಯೊಬ್ಬರು ಬಂದರು. ಐವತ್ತು ದಾಟಿದವರು, ಮಾತು ಕಡಮೆ. ಮಗಳನ್ನು ಮೆಲ್ಲನೆ ಮಗ್ಗುಲಾಗಿ ಮಲಗಿಸಿ ಬೆನ್ನಿಗೊಂದು ದಿಂಬು ಕೊಟ್ಟರು. ಹೊಲಿಗೆಯ ಮೇಲೆ ಭಾರ ಬೀಳದ ಹಾಗೆ ಮಗುವನ್ನು ಎದುರಾಗಿ ಮಲಗಿಸಿದರು. ಮಗುವಿನ ಹೊಟ್ಟೆ ತಾಯಿಯ ಮೈಗೆ ತಾಗಿರಬೇಕು, ಕಿವಿ, ಭುಜ, ಸೊಂಟ ಒಂದೇ ನೇರಕ್ಕೆ ಬರಬೇಕು, ಕತ್ತು ತಿರುಚಿಕೊಂಡು ನಾವಾದರೂ ನೀರು ಕುಡಿಯಬಲ್ಲೆವೆ ಎಂದರು. ತೊಟ್ಟನ್ನು ಮಗುವಿನ ಮೇಲ್ದುಟಿಗೆ ಸೋಕಿಸಿ ಸುಮ್ಮನೆ ಕಾಯ್ದರು. “ಆಕಳಿಸುವ ಹಾಗೆ ಬಾಯಿ ತೆಗೆಯಲಿ, ಆತುರ ಬೇಡ ಮಗಳೆ.” ಬಾಯಿ ಅಗಲವಾಗಿ ತೆರೆದ ಕ್ಷಣದಲ್ಲಿ ಮಗುವನ್ನು ಎದೆಯ ಬಳಿಗೆ ತಂದರು; ಎದೆಯನ್ನು ಮಗುವಿನ ಬಳಿಗೆ ತಳ್ಳಲಿಲ್ಲ. ಇದೊಂದು ಚಿಕ್ಕ ವಿವರ, ಆದರೆ ನೋವಿನ ಅರ್ಧ ಕಾರಣ ಇದರಲ್ಲಿದೆ. ಮಗು ತೊಟ್ಟನ್ನು ಮಾತ್ರ ಕಚ್ಚಿಕೊಂಡರೆ ತೊಟ್ಟು ಬಿರಿಯುತ್ತದೆ, ಹಾಲೂ ಬರುವುದಿಲ್ಲ. ತೊಟ್ಟಿನ ಸುತ್ತಲಿನ ಕಪ್ಪು ಭಾಗದ ಬಹುಪಾಲು, ಅದರಲ್ಲಿಯೂ ಕೆಳಗಿನ ಪಾಲು, ಬಾಯೊಳಗೆ ಸೇರಬೇಕು. ಗಲ್ಲ ಎದೆಗೆ ಒತ್ತಿರಬೇಕು, ಕೆಳದುಟಿ ಹೊರಕ್ಕೆ ಮಡಿಚಿರಬೇಕು. ಆ ಮೇಲೆ ಗುಟುಕರಿಸುವ ಸದ್ದು ಕೇಳಿಸುತ್ತದೆ. ಆ ರಾತ್ರಿ ಆ ಸದ್ದು ಕೇಳಿದಾಗ ಕೋಣೆಯಲ್ಲಿದ್ದ ನಾವು ಮೂವರೂ ಮಾತಾಡಲಿಲ್ಲ. ಈ ಕೆಲಸಕ್ಕೆ ಹಿಡಿದದ್ದು ಇಪ್ಪತ್ತು ನಿಮಿಷ. ಹಗಲಿನವರಿಗೆ ಆ ಇಪ್ಪತ್ತು ನಿಮಿಷ ಇರಲಿಲ್ಲ, ಅಥವಾ ಅದು ತಮ್ಮ ಕೆಲಸವೆಂದು ಯಾರೂ ಅವರಿಗೆ ಹೇಳಿರಲಿಲ್ಲ. ಹೊಟ್ಟೆ ಕೊಯ್ದು ಹೆತ್ತ ತಾಯಿಯೂ, ಬೆನ್ನಿಗೆ ಕೊಟ್ಟ ಮದ್ದಿನಿಂದ ಎಚ್ಚರವಾಗಿಯೇ ಇದ್ದರೆ, ಬೇಗನೆ ಹಾಲೂಡಬಲ್ಲಳು. ಮಗುವನ್ನು ಹಿಡಿದುಕೊಳ್ಳಲು ಒಬ್ಬರು ಬೇಕು, ಅಷ್ಟೆ.

ನಿಜವಾದ ಪರೀಕ್ಷೆ ಬರುವುದು ಮನೆಗೆ ಬಂದ ಮೇಲೆ, ಮೂರನೆಯದೋ ನಾಲ್ಕನೆಯದೋ ರಾತ್ರಿ. ಎದೆ ಕಲ್ಲಿನಂತೆ ಬಿಗಿಯುತ್ತದೆ, ಬಿಸಿಯೇರುತ್ತದೆ. ನಮ್ಮವರು ಹಾಲು ಕಟ್ಟಿತು ಎನ್ನುವುದು ಇದನ್ನೇ. ಬಿಗಿದ ಎದೆಯನ್ನು ಹಿಡಿಯಲಾರದೆ ಮಗು ಚೀರುತ್ತದೆ. ತಾಯಿಗೆ ನಿದ್ದೆಯಿಲ್ಲ. ಕುಡಿಸುವುದಕ್ಕೆ ಮೊದಲು ಬೆಚ್ಚನೆಯ ಬಟ್ಟೆಯಿಟ್ಟು, ಕೈಯಿಂದ ಸ್ವಲ್ಪ ಹಾಲನ್ನು ತೆಗೆದರೆ ಎದೆ ಮೆತ್ತಗಾಗಿ ಮಗುವಿನ ಬಾಯಿಗೆ ಸಿಗುತ್ತದೆ. ಕುಡಿಸಿದ ಮೇಲೆ ತಣ್ಣನೆಯ ಬಟ್ಟೆ ಹಿತ. ಒಂದೆರಡು ದಿನದಲ್ಲಿ ತಾನೇ ಸರಿಹೋಗುತ್ತದೆ. ಆದರೆ ಎದೆಯ ಒಂದು ಭಾಗ ಕೆಂಪಾಗಿ ಜ್ವರ ಬಂದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಆಗಲೂ ಹಾಲು ಕುಡಿಸುವುದನ್ನು ನಿಲ್ಲಿಸಬೇಕಾಗಿಲ್ಲ.

ಇಂಥ ಹೊತ್ತಿನಲ್ಲಿಯೇ ನೋಡಲು ಬಂದವರೆಲ್ಲ ಒಂದೇ ಪ್ರಶ್ನೆಯನ್ನು ಕೇಳುತ್ತಾರೆ: “ಹಾಲು ಸಾಲುತ್ತಿದೆಯೇನಮ್ಮ?” ಕೇಳುವವರ ಮನಸ್ಸಿನಲ್ಲಿ ಕೇಡಿಲ್ಲ. ಆದರೆ ನಾಲ್ಕು ದಿನದಲ್ಲಿ ನಲವತ್ತು ಜನರ ಬಾಯಲ್ಲಿ ಇದನ್ನು ಕೇಳಿದ ಎಳೆಯ ತಾಯಿಗೆ ತನ್ನ ಮೈಯ ಮೇಲಿನ ನಂಬಿಕೆಯೇ ಹೋಗುತ್ತದೆ. ಮಗು ಅತ್ತಾಗಲೆಲ್ಲ ಹಾಲು ಸಾಲದೆ ಅಳುತ್ತಿದೆ ಎಂದೇ ಅವಳಿಗೆ ತೋರುತ್ತದೆ. ಮರುದಿನ ಮನೆಗೆ ಡಬ್ಬಿ ಬರುತ್ತದೆ.

ನನ್ನ ಮೊದಲ ಬಾಣಂತನಕ್ಕೆ ದೊಡ್ಡಮ್ಮ ಬಂದಿದ್ದರು. ಓದು ಬರಹ ಅಷ್ಟಕ್ಕಷ್ಟೆ. ಬಾಣಂತಿ ಕೋಣೆಯ ಬಾಗಿಲಿಗೆ ಮಣೆ ಹಾಕಿಕೊಂಡು ಕೂರುತ್ತಿದ್ದರು. ಯಾರಾದರೂ ಈ ಪ್ರಶ್ನೆ ಕೇಳಿದರೆ, “ಹಿತ್ತಲಿಗೆ ಹೋಗಿ ಹಗ್ಗದ ಮೇಲಿರುವ ಬಟ್ಟೆ ಎಣಿಸಿಕೊಂಡು ಬಾರೇ, ಆಮೇಲೆ ಹಾಲಿನ ಲೆಕ್ಕ ಕೇಳು” ಎಂದು ಅಟ್ಟುತ್ತಿದ್ದರು. ಆಗ ನಮಗೆ ನಗು. ಎಷ್ಟೋ ವರ್ಷದ ಮೇಲೆ ಶಿಶುವೈದ್ಯರ ಪುಸ್ತಕದಲ್ಲಿ ಓದಿದೆ: ಮೊದಲ ವಾರ ಕಳೆದ ಮೇಲೆ ಎದೆಹಾಲನ್ನು ಮಾತ್ರ ಕುಡಿಯುವ ಮಗು ದಿನಕ್ಕೆ ಆರು ಸಲವೋ ಅದಕ್ಕಿಂತ ಹೆಚ್ಚೋ ಮೂತ್ರ ಮಾಡುತ್ತಿದ್ದರೆ, ತೂಕವೂ ಏರುತ್ತಿದ್ದರೆ, ಹಾಲು ಸಾಲುತ್ತಿದೆಯೆಂದೇ ಅರ್ಥ. ಹುಟ್ಟಿದ ಮೇಲೆ ತೂಕ ಸ್ವಲ್ಪ ಇಳಿದು, ಸಾಮಾನ್ಯವಾಗಿ ಎರಡು ವಾರದೊಳಗೆ ಮೊದಲಿನಷ್ಟಾಗುತ್ತದೆ. ಅಳುವನ್ನು ಮಾತ್ರ ಅಳತೆಗೋಲಾಗಿ ಇಟ್ಟುಕೊಳ್ಳಬಾರದು. ಅತ್ತ ಮಗುವಿಗೇ ಹಾಲು ಎಂಬ ನಮ್ಮ ಮಾತು ಕಚೇರಿಗಳ ವಿಷಯದಲ್ಲಿ ನಿಜವಿರಬಹುದು. ಮಗುವಿನ ವಿಷಯದಲ್ಲಿ ಅಳು ಹಸಿವಿನ ಕೊನೆಯ ಸೂಚನೆ. ಅದಕ್ಕೆ ಮೊದಲೇ ಕೂಸು ತಲೆಯನ್ನು ಅತ್ತಿತ್ತ ಹೊರಳಿಸಿ ಹುಡುಕುತ್ತದೆ, ಮುಷ್ಟಿಯನ್ನು ಬಾಯಿಗೆ ತರುತ್ತದೆ, ತುಟಿ ಚಪ್ಪರಿಸುತ್ತದೆ. ಆಗಲೇ ಕುಡಿಸಿದರೆ ಇಬ್ಬರಿಗೂ ಸುಲಭ. ತಾಯಿಯ ಮಗ್ಗುಲಲ್ಲಿಯೇ ಮಗು ಇರಬೇಕೆಂದು ಹೇಳುವುದು ಇದಕ್ಕಾಗಿ.

ಹಾಲು ಹೇಗೆ ಉತ್ಪತ್ತಿಯಾಗುತ್ತದೆಂಬುದು ತಿಳಿದರೆ ಡಬ್ಬಿಯ ಅಪಾಯವೂ ತಿಳಿಯುತ್ತದೆ. ಎದೆಯೆಂಬುದು ತುಂಬಿಟ್ಟ ಕೊಡವಲ್ಲ. ಬೇಸಿಗೆಯಲ್ಲಿ ಹೊಳೆಯ ಮರಳಿನಲ್ಲಿ ತೋಡುವ ಒರತೆಯಂತೆ. ಮೊಗೆದಷ್ಟೂ ಒಸರುತ್ತದೆ, ಮೊಗೆಯದೆ ಬಿಟ್ಟರೆ ನಿಲ್ಲುತ್ತದೆ. ಮಗು ಚೀಪಿದಾಗ ತಾಯಿಯ ಮಿದುಳಿನ ಬುಡದಲ್ಲಿರುವ ಗ್ರಂಥಿಯಿಂದ ಪ್ರೊಲ್ಯಾಕ್ಟಿನ್ ಎಂಬ ರಸ ಹೊರಟು ಹಾಲನ್ನು ತಯಾರಿಸುತ್ತದೆ. ಇದು ರಾತ್ರಿಯಲ್ಲಿ ಹೆಚ್ಚು. ಆದುದರಿಂದ ರಾತ್ರಿ ಕುಡಿಸುವುದನ್ನು ಬಿಡಬಾರದು. ಆಕ್ಸಿಟೋಸಿನ್ ಎಂಬ ಇನ್ನೊಂದು ರಸ ತಯಾರಾದ ಹಾಲನ್ನು ಹೊರಕ್ಕೆ ಹರಿಸುತ್ತದೆ. ಕರುವನ್ನು ಬಿಟ್ಟಾಗ ಹಸು ತೊರೆ ಬಿಡುತ್ತದೆ ಎನ್ನುತ್ತೇವಲ್ಲ, ಅದೇ ಇದು. ಹಾಲು ಕರೆಯುವವನಿಗೆ ಇದು ಚೆನ್ನಾಗಿ ಗೊತ್ತು: ಹಸು ಬೆದರಿದರೆ ತೊರೆ ಬಿಡದು. ಹೆಣ್ಣಿಗೂ ಹಾಗೆಯೇ. ನೋವು, ಭಯ, ನಾಚಿಕೆ, ಅವಮಾನಗಳಿಂದ ಹರಿವು ತಾತ್ಕಾಲಿಕವಾಗಿ ತಡೆಯುತ್ತದೆ. ಮಗುವಿನ ಸ್ಪರ್ಶ, ದರ್ಶನ, ನೆನಪುಗಳಿಂದಲೇ ಹಾಲು ಹರಿಯುತ್ತದೆ, ಕೋಪ ಶೋಕಗಳಿಂದ ಕುಂದುತ್ತದೆ ಎಂದು ಸುಶ್ರುತಸಂಹಿತೆ ಹೇಳುವ ಮಾತನ್ನು ಇಲ್ಲಿ ಕೃತಜ್ಞತೆಯಿಂದ ನೆನೆಯಬಹುದು.

ಈಗ ಒಂದು ಬಾಟಲಿ ಡಬ್ಬಿಹಾಲು ಕುಡಿಸಿದಿರಿ ಎನ್ನೋಣ. ಹೊಟ್ಟೆ ತುಂಬಿದ ಮಗು ಮೂರು ನಾಲ್ಕು ಗಂಟೆ ಮಲಗುತ್ತದೆ, ಎದೆ ಬರಿದಾಗುವುದಿಲ್ಲ, ತುಂಬಿದ ಎದೆ ಉತ್ಪತ್ತಿಯನ್ನು ತಗ್ಗಿಸುತ್ತದೆ. ಮರುದಿನ ಹಾಲು ನಿಜಕ್ಕೂ ಕಡಮೆ. ಹೇಳಿದೆನಲ್ಲ, ಸಾಲುವುದಿಲ್ಲವೆಂದು, ಎಂದು ಅತ್ತೆ ಹೇಳುತ್ತಾರೆ. ಎರಡನೆಯ ಬಾಟಲಿ ಬರುತ್ತದೆ. ಹೀಗೆ ಹದಿನೈದು ದಿನದಲ್ಲಿ ಒರತೆ ಬತ್ತುತ್ತದೆ, ಇವಳಿಗೆ ಹಾಲೇ ಇರಲಿಲ್ಲ ಎಂಬ ಮಾತು ಊರಿನಲ್ಲಿ ನಿಲ್ಲುತ್ತದೆ.

ಹಾಗಾದರೆ ಮನೆಯವರು ಮಾಡಬೇಕಾದದ್ದೇನು? ಊಟ, ನೀರು, ನಿದ್ದೆ. ಬಾಣಂತಿಗೆ ನೀರು ಕೊಡಬಾರದೆಂಬ ಕಟ್ಟಳೆ ಕೆಲವು ಮನೆಗಳಲ್ಲಿದೆ. ಅದನ್ನು ಬಿಡಬೇಕು, ಬಾಯಾರಿದಷ್ಟು ಕುಡಿಯಲಿ. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಅಂಟಿನುಂಡೆಗಳನ್ನು ಕೊಡುವುದರಲ್ಲಿ ನನಗೆ ಯಾವ ಆಕ್ಷೇಪವೂ ಇಲ್ಲ. ಅವುಗಳಿಂದ ಹಾಲು ಹೆಚ್ಚುತ್ತದೆಯೋ ಇಲ್ಲವೋ, ತನಗಾಗಿ ಯಾರೋ ಒಲೆಯ ಮುಂದೆ ನಿಂತಿದ್ದಾರೆಂಬ ಅರಿವು ತಾಯಿಗೆ ಆಗುತ್ತದೆ. ಆದರೆ ಬರಿಯ ಮೆಣಸಿನ ಸಾರು ಅನ್ನದ ಪಥ್ಯ ಸಾಲದು. ಬೇಳೆ, ಸೊಪ್ಪು, ತರಕಾರಿ, ತಿನ್ನುವವರಾದರೆ ಮೊಟ್ಟೆ ಮೀನುಗಳೂ ಬೇಕು. ಮಗುವಿನ ತಂದೆಗೂ ಕೆಲಸವುಂಟು. ಕುಡಿದ ಮಗುವನ್ನು ಹೆಗಲಿಗೆ ಹಾಕಿಕೊಂಡು ತೇಗು ಬರಿಸುವುದು, ಬಟ್ಟೆ ಬದಲಿಸುವುದು, ರಾತ್ರಿ ಎದ್ದು ಒಂದು ಲೋಟ ನೀರು ತಂದಿಡುವುದು. ಇವಕ್ಕೆ ಎದೆಯಲ್ಲಿ ಹಾಲಿರಬೇಕಾಗಿಲ್ಲ.

ಆಶಾ ಕಾರ್ಯಕರ್ತೆಯರ ಮಾತನ್ನೂ ಹೇಳಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ, ಒಟ್ಟು ಆರು ಸಲ, ಆಕೆ ಮನೆಗೆ ಬಂದು ತಾಯಿಯನ್ನೂ ಮಗುವನ್ನೂ ನೋಡಬೇಕೆಂಬ ಏರ್ಪಾಡಿದೆ. ಮೂರನೆಯ ದಿನವನ್ನು ಗಮನಿಸಿ. ಹಾಲು ಇಳಿಯುವ, ಧೈರ್ಯ ಕುಸಿಯುವ ದಿನವದು. ಆಕೆ ಬಂದಾಗ ಜಗಲಿಯಲ್ಲಿಯೇ ಕೂರಿಸಿ ಕಾಫಿ ಕೊಟ್ಟು ಕಳುಹಿಸುವ ಮನೆಗಳನ್ನು ನಾನು ಕಂಡಿದ್ದೇನೆ. ಒಳಗೆ ಕರೆಯಿರಿ, ಮಗು ಹಾಲು ಕುಡಿಯುವಾಗ ಪಕ್ಕದಲ್ಲಿ ಕೂತು ನೋಡಲು ಬಿಡಿ. ಬಾಯಿಂದ ಹೇಳಿದ ಹತ್ತು ಮಾತಿಗಿಂತ ಕಣ್ಣಾರೆ ನೋಡಿ ತಿದ್ದಿದ ಒಂದು ಹಿಡಿತ ಹೆಚ್ಚು ಉಪಯೋಗ.

ಡಬ್ಬಿಯ ಕತೆಯನ್ನು ಸಂಕ್ಷೇಪವಾಗಿ ಹೇಳಿ ಮುಂದೆ ಹೋಗುತ್ತೇನೆ. 1939ರಲ್ಲಿಯೇ ಸಿಂಗಪುರದಲ್ಲಿ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ, ಹಾಲಿನ ಡಬ್ಬಿಗಳ ಮೋಹದಿಂದ ಶಿಶುಗಳು ಸಾಯುತ್ತಿರುವುದನ್ನು ಕೊಲೆಯೆಂದೇ ಕರೆದು ಭಾಷಣ ಮಾಡಿದರು. ಆಮೇಲೂ ದಾದಿಯರ ಉಡುಪು ತೊಟ್ಟ ಮಾರಾಟದ ಹೆಂಗಸರನ್ನು ಬಡ ದೇಶಗಳ ಹೆರಿಗೆ ಆಸ್ಪತ್ರೆಗಳಿಗೆ ಕಂಪನಿಗಳು ಕಳುಹಿಸಿದ್ದುಂಟು. ಮಗುವಿಗೆ ಹಾಲೂಡಲು ಸುಂದರಿಯ ವೇಷದಲ್ಲಿ ಬಂದ ಪೂತನಿಯ ನೆನಪು ನನಗೆ ಬಂದರೆ ಕಾವ್ಯದ ಅಧ್ಯಾಪಿಕೆಯ ಚಾಪಲ್ಯವೆಂದು ಮನ್ನಿಸಬೇಕು. 1981ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಮ್ಮೇಳನವು ಇಂಥ ಪ್ರಚಾರವನ್ನು ನಿಯಂತ್ರಿಸುವ ಸಂಹಿತೆಯನ್ನು ಅಂಗೀಕರಿಸಿತು. ಪರವಾಗಿ 118 ರಾಷ್ಟ್ರಗಳು, ವಿರುದ್ಧವಾಗಿ ಅಮೆರಿಕ ಒಂದೇ. ನಮ್ಮ ದೇಶದ ಕಾನೂನು 1992ರಲ್ಲಿ ಆಗಿ, 1993ರ ಆಗಸ್ಟ್ 1ರಂದು ಜಾರಿಗೆ ಬಂತು. ಡಬ್ಬಿಯ ಮೇಲೆ ಮಗುವಿನ ಚಿತ್ರವಾಗಲಿ ತಾಯಿಯ ಚಿತ್ರವಾಗಲಿ ಇರಕೂಡದೆಂದು ಅದು ವಿಧಿಸಿತು. ನನ್ನ ಯೌವನದಲ್ಲಿ ಅಂಗಡಿಗಳಲ್ಲಿ ಕಾಣುತ್ತಿದ್ದ ಗುಂಡುಗುಂಡಾದ ಕೂಸಿನ ಮುಖ ಮರೆಯಾದದ್ದು ಹೀಗೆ.

ಆದರೆ ಡಬ್ಬಿಯನ್ನು ಬಯ್ಯುವ ಭರದಲ್ಲಿ ತಾಯಿಯನ್ನು ಬಯ್ಯುವಂತಾಗಬಾರದು. ಕೆಲವು ಹೆಂಗಸರಿಗೆ ಏನು ಮಾಡಿದರೂ ಹಾಲು ಸಾಲುವುದಿಲ್ಲ. ಅವರ ಸಂಖ್ಯೆ ಚಿಕ್ಕದು, ಆದರೆ ಇದ್ದಾರೆ. ಕೆಲವು ಔಷಧಗಳನ್ನು ತೆಗೆದುಕೊಳ್ಳುವ ತಾಯಂದಿರು ಕುಡಿಸುವಂತಿಲ್ಲ. ತಾಯಿಯೇ ಇಲ್ಲದ ಮಕ್ಕಳಿದ್ದಾರೆ. ಅಂಥವರಿಗೆ ವೈದ್ಯರ ಸಲಹೆಯಂತೆ ಡಬ್ಬಿಯ ಹಾಲು ಆಹಾರವೇ ಹೊರತು ಅಪರಾಧವಲ್ಲ. ದಿನ ತುಂಬದೆ ಹುಟ್ಟಿದ ಕೂಸುಗಳಿಗಾಗಿ ಬೇರೆ ತಾಯಂದಿರಿಂದ ಹಾಲನ್ನು ಪಡೆದು ಶುದ್ಧೀಕರಿಸಿ ಇಡುವ ಬ್ಯಾಂಕುಗಳೂ ಇವೆ. ಏಷ್ಯಾದ ಮೊದಲನೆಯದನ್ನು 1989ರಲ್ಲಿ ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಆರಂಭಿಸಿದರು.

ಇನ್ನು ಕೆಲಸಕ್ಕೆ ಹೋಗುವ ತಾಯಂದಿರ ವಿಚಾರ. ನಾನು ಮೂರು ತಿಂಗಳ ರಜೆ ಮುಗಿಸಿ ಕಾಲೇಜಿಗೆ ಮರಳಿದ್ದೆ. ಮಧ್ಯಾಹ್ನದ ಬಿ.ಎ. ತರಗತಿಯಲ್ಲಿ ಪಾಠ ನಡೆಯುತ್ತಿರುವಾಗ ಹೊರಗೆ ಕಚೇರಿಯ ಬಳಿ ಯಾರದೋ ಮಗು ಅತ್ತಿತು. ನನ್ನ ರವಿಕೆ, ಸೆರಗು ಎರಡೂ ನೆನೆದವು. ಎಂಬತ್ತು ಹುಡುಗ ಹುಡುಗಿಯರ ಎದುರಿಗೆ ಪುಸ್ತಕವನ್ನು ಎದೆಗೊತ್ತಿಕೊಂಡು ಗಂಟೆ ಹೊಡೆಯುವವರೆಗೆ ನಿಂತಿದ್ದೆ. ಪ್ರಾಧ್ಯಾಪಕರ ಕೋಣೆಯಲ್ಲಿ ಹದಿನಾಲ್ಕು ಕುರ್ಚಿ, ಹೆಂಗಸು ನಾನೊಬ್ಬಳೆ. ನನ್ನ ಮುಖ ನೋಡಿಯೇ ತಿಳಿದುಕೊಂಡ ಕಾಲೇಜಿನ ಆಯಾ, “ಬನ್ನಿ ಅಮ್ಮಾವ್ರೆ” ಎಂದು ಭೂಪಟಗಳನ್ನು ಇಡುವ ಕೋಣೆಯ ಬಾಗಿಲು ತೆಗೆದು, ಕಿಟಕಿಗೆ ತನ್ನ ಹಳೆಯ ಸೀರೆಯನ್ನು ಕಟ್ಟಿ, ತಾನು ಹೊರಗೆ ನಿಂತಳು. ಅಂದಿನಿಂದ ನಾಲ್ಕು ತಿಂಗಳು ದಿನವೂ ಒಂದು ಗಂಟೆಗೆ ಹತ್ತು ನಿಮಿಷ ಆ ಕೋಣೆ ನನ್ನದಾಯಿತು. ಕಾಲೇಜಿನ ಯಾವ ಕಡತದಲ್ಲಿಯೂ ಈ ಸೌಲಭ್ಯದ ಉಲ್ಲೇಖವಿರಲಾರದು.

ಕಾನೂನಿನಲ್ಲಿ ಇಂಥ ಬಿಡುವು ಇಲ್ಲದೆ ಇರಲಿಲ್ಲ. 1961ರ ಹೆರಿಗೆ ಸೌಲಭ್ಯ ಕಾಯಿದೆಯು, ಮಗುವಿಗೆ ಹದಿನೈದು ತಿಂಗಳು ತುಂಬುವವರೆಗೆ ದಿನಕ್ಕೆ ಎರಡು ಸಲ ಹಾಲೂಡುವ ಬಿಡುವನ್ನು ಕೊಡಬೇಕೆಂದು ಹೇಳಿತ್ತು. 2017ರ ತಿದ್ದುಪಡಿಯಿಂದ ಮೊದಲ ಎರಡು ಹೆರಿಗೆಗಳ ರಜೆ 12 ವಾರಗಳಿಂದ 26 ವಾರಗಳಿಗೆ ಏರಿತು. ಐವತ್ತು ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಗೃಹ ಇರಬೇಕೆಂದೂ ಆಯಿತು. 26 ವಾರವೆಂದರೆ ಆರು ತಿಂಗಳು, ಲೆಕ್ಕ ಸರಿಯಾಗಿದೆ. ಆದರೆ ಗಾರೆ ಕೆಲಸದವಳಿಗೆ, ಕಳೆ ಕೀಳುವವಳಿಗೆ, ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುವವಳಿಗೆ ರಜೆ ಕೊಡುವವರಾರು? ಅವಳ ಕೂಸು ಮರದ ಕೊಂಬೆಗೆ ಕಟ್ಟಿದ ಸೀರೆಯ ಜೋಲಿಯಲ್ಲಿಯೋ ಅಜ್ಜಿಯ ಮಡಿಲಲ್ಲಿಯೋ ಇರುತ್ತದೆ.

ಗೋವಿನ ಹಾಡನ್ನು ನಾವು ಸತ್ಯದ ಕತೆಯೆಂದು ಮಕ್ಕಳಿಗೆ ಹೇಳಿಕೊಡುತ್ತೇವೆ, ತಪ್ಪಲ್ಲ. ಆದರೆ ಪುಣ್ಯಕೋಟಿ ಹುಲಿಯನ್ನು ಬೇಡಿದ್ದು ಏನನ್ನು? ದೊಡ್ಡಿಯಲ್ಲಿ ಕಾದಿರುವ ಕರುವಿಗೆ ಮೊಲೆಯೂಡಿ ಬರಲು ಸ್ವಲ್ಪ ಸಮಯವನ್ನು. ಹಸಿದ ಹುಲಿ ಅನುಮಾನಿಸಿತು, ಆಮೇಲೆ ಒಪ್ಪಿತು. ಮನೆಯ ಕೆಲಸದವಳು ಹತ್ತು ಗಂಟೆಗೆ ಒಮ್ಮೆ ಮನೆಗೆ ಹೋಗಿ ಬರುತ್ತೇನೆ ಅಮ್ಮ ಎಂದಾಗ ಗಡಿಯಾರ ನೋಡುವ ನಮ್ಮಂಥ ಯಜಮಾನಿಯರಿಗೂ, ಕಟ್ಟಡದ ಮೇಸ್ತ್ರಿಗೂ ಈ ಭಾಗವನ್ನು ಬೇರೆಯಾಗಿ ಪಾಠ ಹೇಳಬೇಕೆಂದು ನನಗೆ ಅನ್ನಿಸುತ್ತದೆ.

ಮನೆಗೆ ಹೋಗಿಬರಲಾಗದವರು ಹಾಲನ್ನು ತೆಗೆದಿಡಬಹುದು. ಕೈಯನ್ನು ಸಾಬೂನಿನಿಂದ ತೊಳೆದು, ಕುದಿಸಿದ ಅಗಲಬಾಯಿಯ ಬಟ್ಟಲನ್ನು ಹಿಡಿದು, ಹೆಬ್ಬೆರಳು ಮತ್ತು ತೋರುಬೆರಳನ್ನು ಕಪ್ಪು ಭಾಗದ ಅಂಚಿನ ಹೊರಗಿಟ್ಟು, ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಬೆರಳುಗಳನ್ನು ಒಂದರ ಕಡೆಗೊಂದು ತರಬೇಕು. ತೊಟ್ಟನ್ನು ಎಳೆಯಬಾರದು, ಚರ್ಮದ ಮೇಲೆ ಬೆರಳನ್ನು ಜಾರಿಸಬಾರದು. ಮೊದಲ ಕೆಲವು ದಿನ ನಾಲ್ಕು ಹನಿ ಬರಬಹುದು. ಅಭ್ಯಾಸದಿಂದ ಬಟ್ಟಲು ತುಂಬುತ್ತದೆ. ಮುಚ್ಚಿಟ್ಟರೆ ತಣ್ಣನೆಯ ಜಾಗದಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ಒಂದು ದಿನ ಇರುತ್ತದೆ. ಅದನ್ನು ಒಲೆಯ ಮೇಲೆ ಕಾಯಿಸಬಾರದು, ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಬೇಕು. ಬಾಟಲಿ ಬೇಡ. ಅದರ ರಬ್ಬರನ್ನು ಶುದ್ಧವಾಗಿಡುವುದು ಕಷ್ಟ, ಮಗುವಿಗೆ ಬೇರೆ ಬಗೆಯ ಚೀಪುವಿಕೆ ರೂಢಿಯಾಗುತ್ತದೆ. ನಮ್ಮ ಅಜ್ಜಿಯರ ಒಳಲೆ ಇದೆಯಲ್ಲ, ಒಂದು ಕಡೆ ಮೂತಿಯಿರುವ ಆ ಚಿಕ್ಕ ಬಟ್ಟಲು, ಅದನ್ನು ಕುದಿಸಿ ತೊಳೆಯುವುದು ಸುಲಭ. ದಿನ ತುಂಬದ ಕೂಸುಗಳಿಗೆ ಇಂದಿನ ಆಸ್ಪತ್ರೆಗಳಲ್ಲಿಯೂ ಅದರಿಂದಲೇ ಹಾಲು ಕೊಡುತ್ತಾರೆ. ಅಟ್ಟದಲ್ಲಿದ್ದರೆ ಇಳಿಸಿ, ಮಗುವನ್ನು ನೆಟ್ಟಗೆ ಕೂರಿಸಿಕೊಂಡು, ಗುಟುಕು ಗುಟುಕಾಗಿ ಕೊಡಿ.

ಆರು ತಿಂಗಳು ತುಂಬಿದ ಮೇಲೆ ರಾಗಿ ಸರಿ, ಮಣ್ಣಿ, ನುಣ್ಣಗೆ ಹಿಸುಕಿದ ಬೇಳೆ ಅನ್ನ, ಬಾಳೆಹಣ್ಣು ಆರಂಭವಾಗಬೇಕು. ಇಲ್ಲಿಗೆ ಎದೆಹಾಲಿನ ಕೆಲಸ ಮುಗಿಯಿತೆಂದು ಎಷ್ಟೋ ಮನೆಗಳಲ್ಲಿ ತಿಳಿಯುತ್ತಾರೆ. ಹಲ್ಲು ಬಂದ ಮಗುವಿಗೆ ಇನ್ನೂ ಕುಡಿಸುತ್ತೀಯಾ ಎಂದು ನಗುವವರೂ ಉಂಟು. ಒಂದು ವರ್ಷದ ಮೇಲೂ ಆ ಹಾಲಿನಲ್ಲಿ ಸತ್ವವಿದೆ. ಜ್ವರ ಬಂದು ಮಗು ಏನನ್ನೂ ತಿನ್ನದಾಗ ಅದೊಂದನ್ನೇ ಒಪ್ಪಿಕೊಳ್ಳುತ್ತದೆ. ಕೊನೆಗೆ ಬಿಡಿಸುವಾಗಲೂ ಬೇವಿನ ಸೊಪ್ಪನ್ನು ಅರೆದು ಹಚ್ಚಿ ಒಂದೇ ದಿನದಲ್ಲಿ ಹೆದರಿಸಿ ಬಿಡಿಸುವ ಅಗತ್ಯವಿಲ್ಲ. ಹಾಗೆ ಮಾಡಿದರೆ ತಾಯಿಯ ಎದೆ ಕಟ್ಟಿಕೊಂಡು ನೋವೂ ಹೆಚ್ಚು. ಕೆಲವು ದಿನಗಳಿಗೊಮ್ಮೆ ಒಂದೊಂದು ಹೊತ್ತಿನ ಹಾಲನ್ನು ಕಡಮೆ ಮಾಡುತ್ತ ಬರಬೇಕು; ಮಲಗುವ ಹೊತ್ತಿನದನ್ನು ಎಲ್ಲಕ್ಕಿಂತ ಕಡೆಗೆ ಬಿಡಿಸಿದರೆ ಇಬ್ಬರಿಗೂ ಸುಲಭ.